ಕ್ರಾಸ್ ಸ್ಟಿಚ್ ಅರ್ಧಕ್ಕೇ ನಿಲ್ಲುವುದೇಕೆ?

ಅರ್ಧಕ್ಕೆ ನಿಂತ ಕ್ರಾಸ್ ಸ್ಟಿಚ್ ಕಂಡರೆ ನಾವು ಹಾಕುವವರ ತಾಳ್ಮೆಯನ್ನೇ ದೂರುತ್ತೇವೆ. ದೂರಬೇಕಾದದ್ದು ಯಾವ ಚೌಕಕ್ಕೆ ಯಾವ ಬಣ್ಣ ಎಂದು ತೋರಿಸುವ ನಕ್ಷೆಯನ್ನು. ಇಂಚಿಗೆ 14 ಚೌಕಗಳಿರುವ ಐಡಾ ಬಟ್ಟೆಯಲ್ಲಿ 10 ಇಂಚು ಉದ್ದ, 10 ಇಂಚು ಅಗಲದ ಚಿತ್ರಕ್ಕೆ 19,600 ಹೊಲಿಗೆ ಬೇಕು. ಒಂದೇ ಬಣ್ಣ ಸಾಲಾಗಿ ಬಂದರೆ ಅದೂ ಭಾರವಲ್ಲ, ಕೈಗೆ ಲಯ ಸಿಗುತ್ತದೆ. ಆದರೆ ಫೋಟೋವನ್ನು ಸಾಫ್ಟ್‌ವೇರ್‌ಗೆ ಕೊಟ್ಟು ತೆಗೆದ ನಕ್ಷೆಯಲ್ಲಿ ಮುಖದ ನೆರಳಿಗೇ ಹತ್ತಾರು ಛಾಯೆ. ಇಲ್ಲೊಂದು ಚೌಕ, ಅಲ್ಲೊಂದು ಚೌಕ. ಪ್ರತಿ ಸಲ ನೂಲು ಬದಲಿಸಬೇಕು, ಹಿಂಬದಿಯಲ್ಲಿ ತುದಿ ಸಿಕ್ಕಿಸಬೇಕು, ಮತ್ತೆ ಎಣಿಸಬೇಕು. ಒಂದು ಚೌಕ ತಪ್ಪಿದ್ದು ಗೊತ್ತಾಗುವುದು ಎಷ್ಟೋ ಸಾಲುಗಳಾದ ಮೇಲೆ.

ಕಷ್ಟಪಡದೆ ಕಸೂತಿ ಬರುತ್ತದೆಯೇ ಎನ್ನುವವರಿದ್ದಾರೆ. ನಿಜ, ಧಾರವಾಡದ ಕಸೂತಿಯೂ ಸುಲಭವಲ್ಲ: ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕುವಂತಿಲ್ಲ. ಆದರೆ ಅಲ್ಲಿನ ಗವಂತಿ ಎಂಬ ಹೊಲಿಗೆಯಲ್ಲಿ ಹೋದ ದಾರ ಅದೇ ದಾರಿಯಲ್ಲಿ ಮರಳಿ, ಬಿಟ್ಟ ಜಾಗ ತುಂಬುತ್ತದೆ. ಎಣಿಕೆ ತಪ್ಪಿದ್ದರೆ ಗೋಪುರದ ಚಿತ್ತಾರದ ಗೆರೆ ಕೂಡುವುದೇ ಇಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಚದುರಿದ ಬಣ್ಣದ ನಕ್ಷೆಯಲ್ಲಿ ಈ ಆಸರೆಯಿಲ್ಲ. ಹಾಗಾಗಿ ಬಣ್ಣಗಳನ್ನೇ ಕಡಿಮೆ ಮಾಡಬೇಕು. ಬಣ್ಣ ಕಡಿಮೆಯಾದರೆ ಫೋಟೋದ ಹೋಲಿಕೆ ಕೆಡುತ್ತದಲ್ಲ? ಸ್ವಲ್ಪ ಕೆಡುತ್ತದೆ. ಆದರೆ ಗೋಡೆಯ ಚಿತ್ರವನ್ನು ನಾವು ನೋಡುವುದು ದೂರದಿಂದ. ಒಂಟಿ ಚೌಕಗಳು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಕ್ಷೆ ತೆಗೆಯುವಾಗಲೇ ಬಣ್ಣಗಳಿಗೆ ಮಿತಿ ಹಾಕಿ, ಒಂಟಿ ಚೌಕಗಳನ್ನು ಪಕ್ಕದ ಬಣ್ಣಕ್ಕೆ ಸೇರಿಸಿಬಿಡಿ.