ಮೊದಲ ದೋಣಿಗೆ ಅಗಲವೇ ಬಲ

ಮಾಣಿಕನಗರದಲ್ಲಿ ಕೂಡುವ ಗುರುಗಂಗಾ, ವಿರಜಾ ಎರಡೂ ಚಿಕ್ಕ ಹೊಳೆಗಳು. ಹುಮನಾಬಾದ್, ಬಸವಕಲ್ಯಾಣದ ಕಡೆ ಹುಟ್ಟಿ ಬೆಳೆದವರಿಗೆ ದೋಣಿಯ ಬಳಕೆ ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಅಂಬಿಗರ ಚೌಡಯ್ಯನವರಿದ್ದರು, ಆದರೆ ಅವರ ಊರು ದೂರದ ತುಂಗಭದ್ರೆಯ ದಡದ್ದು. ನಮ್ಮಲ್ಲಿ ಬಹಳ ಜನ ಮೊದಲ ಸಲ ದೋಣಿ ಹತ್ತುವುದು ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಬುದ್ಧನ ವಿಗ್ರಹ ನೋಡಲು ಹೋದಾಗ. ಈಗ ಹತ್ತಿರದಲ್ಲೇ ನೀರಿದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯ ತುಂಬಿದರೆ 7.69 ಟಿಎಂಸಿ ಅಡಿ. ಬಸವಕಲ್ಯಾಣ ತಾಲ್ಲೂಕಿನಲ್ಲೇ ಚುಳಕಿನಾಲಾ ಇದೆ. ಕೆಲಸಕ್ಕೆಂದು ಅಮೆರಿಕ ಸೇರಿದ ಮಕ್ಕಳಲ್ಲಿ ಕೆಲವರು ಕೆರೆಯ ಮಗ್ಗುಲಲ್ಲೇ ಮನೆ ಮಾಡಿದ್ದಾರೆ. ಹೀಗಾಗಿ ಒಂದು ಹೊಸ ಪ್ರಶ್ನೆ ಕಿವಿಗೆ ಬೀಳುತ್ತಿದೆ: "ಮನಿ ಮಂದಿಗೆಲ್ಲ ಒಂದು ದೋಣಿ ತಗೋಬೇಕಂತ ಮಾಡೀವಿ ಕಾಕಾ, ಎಷ್ಟು ಎಚ್‌ಪಿ ಎಂಜಿನ್ ಇರಬೇಕು?"

ಎಂಜಿನ್ನಿನ ಮಾತು ಕೊನೆಗಿರಲಿ. ಮೊದಲು ಟೇಪು ಹಿಡಿದು ದೋಣಿಯ ಅಗಲ ಅಳೆಯಬೇಕು.

ಕಾರಣ ಹೀಗಿದೆ. ದೋಣಿ ಮತ್ತು ಅದರಲ್ಲಿ ಕೂತವರ ಭಾರವೆಲ್ಲ ಒಂದು ಬಿಂದುವಿನಲ್ಲಿ ನಿಂತು ಕೆಳಕ್ಕೆ ಜಗ್ಗುತ್ತದೆ ಎಂದುಕೊಳ್ಳಿ. ಅದು ಗುರುತ್ವ ಕೇಂದ್ರ. ನೀರು ಮೇಲಕ್ಕೆ ನೂಕುವ ಬಲಕ್ಕೂ ಒಂದು ಕೇಂದ್ರವಿದೆ, ಮುಳುಗಿದ ಭಾಗದ ನಟ್ಟನಡುವೆ. ದೋಣಿ ನೆಟ್ಟಗಿರುವಾಗ ಇವೆರಡೂ ಒಂದೇ ಗೆರೆಯಲ್ಲಿರುತ್ತವೆ. ಬಲಕ್ಕೆ ವಾಲಿತೆನ್ನಿ, ಆಗ ಬಲಬದಿ ಹೆಚ್ಚು ಮುಳುಗುತ್ತದೆ, ನೂಕುವ ಕೇಂದ್ರವೂ ಬಲಕ್ಕೆ ಸರಿಯುತ್ತದೆ. ಅದು ಸಾಕಷ್ಟು ಸರಿದರೆ ನೀರೇ ದೋಣಿಯನ್ನು ಎತ್ತಿ ನೆಟ್ಟಗೆ ಮಾಡುತ್ತದೆ. ಗುರುತ್ವ ಕೇಂದ್ರ ತೀರ ಮೇಲಿದ್ದರೆ ಅದೇ ನೀರು ದೋಣಿಯನ್ನು ಇನ್ನಷ್ಟು ಕೆಡವುತ್ತದೆ. ಎರಡರ ನಡುವಿನ ಗಡಿ ಎಲ್ಲಿ ಎಂದು ಲೆಕ್ಕ ಹಾಕಿ 1746ರಲ್ಲಿ ಪುಸ್ತಕ ಬರೆದವನು ಫ್ರಾನ್ಸಿನ ಪಿಯರ್ ಬೂಗೇರ್. ಹಡಗು ಕಟ್ಟುವವರು ಇಂದಿಗೂ ಅವನ ಲೆಕ್ಕವನ್ನೇ ಹಿಡಿಯುತ್ತಾರೆ.

ಆ ಲೆಕ್ಕದಲ್ಲಿ ಉದ್ದಕ್ಕಿಂತ ಅಗಲದ ತೂಕ ಹೆಚ್ಚು. ದೋಣಿಯ ಉದ್ದ ಎರಡುಪಟ್ಟಾದರೆ ನೀರು ಕೊಡುವ ಆಸರೆ ಎರಡುಪಟ್ಟಾಗುತ್ತದೆ. ಅಗಲ ಎರಡುಪಟ್ಟಾದರೆ ಆಸರೆ ಎಂಟುಪಟ್ಟು, ಏಕೆಂದರೆ ಅಗಲವನ್ನು ಮೂರು ಸಲ ಗುಣಿಸಬೇಕು. ನಾಲ್ಕಡಿ ಅಗಲದ ದೋಣಿಯ ಬದಲು ಅಷ್ಟೇ ಉದ್ದದ, ಐದಡಿ ಅಗಲದ್ದನ್ನು ಕೊಂಡರೆ ವಾಲದಂತೆ ತಡೆಯುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒಂದೇ ಒಂದು ಅಡಿಗೆ ಇಷ್ಟು ಲಾಭ! ಅಂಗಡಿಯವರು ಈ ಮಾತು ಹೇಳುವುದು ಕಡಿಮೆ, ಅವರು ಮೊದಲು ತೋರಿಸುವುದು ವೇಗ.

ಭಾರ ಮೇಲೇರಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬನ್ನು ಎತ್ತರಕ್ಕೆ ಒಟ್ಟಿದ ಟ್ರ್ಯಾಕ್ಟರ್ ಟ್ರಾಲಿ ತಿರುವಿನಲ್ಲಿ ಹೇಗೆ ಮಗುಚುತ್ತದೆಯೋ ಹಾಗೆಯೇ ದೋಣಿ. ಕೂತಿದ್ದ ಮನುಷ್ಯ ಎದ್ದು ನಿಂತರೆ ಅವನ ಭಾರ ಒಂದು ಅಡಿಗೂ ಹೆಚ್ಚು ಮೇಲೇರುತ್ತದೆ. ನಾಲ್ಕು ಜನ ಒಟ್ಟಿಗೆ ಎದ್ದು ಒಂದೇ ಬದಿಗೆ ಹೋದರೆ ಭಾರ ಮೇಲೂ ಏರಿತು, ಪಕ್ಕಕ್ಕೂ ಸರಿಯಿತು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಕಡೆಗೆ ಧಾವಿಸಿದ್ದರು. ಹುಸೇನ್ ಸಾಗರದ ಬುದ್ಧನ ಕಥೆಯೂ ನೆನಪಿರಲಿ. ಸುಮಾರು 58 ಅಡಿಯ, ನೂರಾರು ಟನ್ ತೂಕದ ಆ ಏಕಶಿಲಾ ವಿಗ್ರಹವನ್ನು 1990ರ ಮಾರ್ಚ್‌ನಲ್ಲಿ ಬಾರ್ಜ್ ಮೇಲೆ ಸಾಗಿಸುವಾಗ ಬಾರ್ಜ್ ವಾಲಿ, ವಿಗ್ರಹ ಕೆರೆಯ ತಳ ಸೇರಿತು. ಜೊತೆಗಿದ್ದ ಕೆಲಸಗಾರರೂ ಪ್ರಾಣ ಕಳೆದುಕೊಂಡರು. ವಿಗ್ರಹವನ್ನು ಮೇಲೆತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ.

ಅಗಲದ ಗುಟ್ಟನ್ನು ನಮ್ಮ ನಾಡಿನ ಅಂಬಿಗರು ಬೂಗೇರ್‌ಗಿಂತ ಎಷ್ಟೋ ಮೊದಲೇ ಕೈಯಲ್ಲಿ ಹಿಡಿದಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಳಗೆ ಬೆತ್ತ, ಹೊರಗೆ ಚರ್ಮವಿದ್ದ ದುಂಡನೆಯ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುತ್ತಿದ್ದರು, ಕುದುರೆ ಎತ್ತುಗಳೂ ದಾಟಬಲ್ಲವು ಎಂದು ಬರೆದಿಟ್ಟಿದ್ದಾನೆ. ಅದೇ ಹರಿಗೋಲು. ಹಂಪಿಗೆ ಹೋದಾಗ ದಡದಲ್ಲಿ ಬೋರಲು ಹಾಕಿದ ಹರಿಗೋಲನ್ನು ಹತ್ತಿರದಿಂದ ನೋಡಿ. ಸೀಳಿದ ಬಿದಿರಿನ ಪಟ್ಟಿಗಳನ್ನು ಅಡ್ಡಡ್ಡ ಹೆಣೆದು, ಅಂಚಿಗೆ ದಪ್ಪ ಬಳೆ ಕಟ್ಟಿ, ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುತ್ತಾರೆ. ಉದ್ದ ಎಷ್ಟೋ ಅಗಲವೂ ಅಷ್ಟೇ, ತಳ ಚಪ್ಪಟೆ, ಜನ ಕೂರುವುದು ತಳದಲ್ಲೇ. ಆದ್ದರಿಂದ ಅದನ್ನು ವಾಲಿಸುವುದು ಕಷ್ಟ. ನೀರಿನೊಳಗೆ ಇಳಿಯುವುದೂ ಕಡಿಮೆಯಾದ್ದರಿಂದ ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ. ದಿಕ್ಕು ಹಿಡಿದು ನಿಲ್ಲಿಸುವ ಅಂಗ ತಳದಲ್ಲಿ ಇಲ್ಲ, ಹಾಗಾಗಿ ಅಂಬಿಗ ಹುಟ್ಟು ಬಿಟ್ಟರೆ ಗಿರಗಿರ ತಿರುಗುತ್ತದೆ.

ಅಗಲವೂ ಬೇಕು, ನೆಟ್ಟಗೆ ಮುಂದಕ್ಕೂ ಹೋಗಬೇಕು ಎಂದರೆ? ಅಮೆರಿಕದ ಮಿನೆಸೋಟಾದಲ್ಲಿ ಆಂಬ್ರೋಸ್ ವೀರೆಸ್ ಎಂಬ ರೈತ 1950ರ ದಶಕದ ಆರಂಭದಲ್ಲಿ ಎರಡು ಸಾಲು ಉಕ್ಕಿನ ಡ್ರಮ್ಮುಗಳ ಮೇಲೆ ಮರದ ಹಲಗೆ ಹಾಸಿ ಉತ್ತರ ಕಂಡುಕೊಂಡ. ಇಂದಿನ ಪಾಂಟೂನ್ ದೋಣಿಯ ಮೂಲ ಅದು. ಅಲ್ಯೂಮಿನಿಯಂ ಕೊಳವೆಗಳು ಎರಡು ಅಂಚಿನಲ್ಲಿರುತ್ತವೆ, ಅಂದರೆ ತೇಲಿಸುವ ಬಲ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಇದೆ. ಅಜ್ಜ ಅಜ್ಜಿ, ಎಳೆಯ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಮೊದಲ ದೋಣಿ ನನಗೆ ಕಾಣುವುದಿಲ್ಲ. ಮಕ್ಕಳನ್ನು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿ ಎಳೆಯಲು ಗಂಟೆಗೆ 15ರಿಂದ 25 ಕಿಲೋಮೀಟರ್ ಸಾಕು, ಪಾಂಟೂನ್ ಅದನ್ನು ಸಲೀಸಾಗಿ ಮಾಡುತ್ತದೆ.

ದೊಡ್ಡವರು ನೀರಿನ ಮೇಲೆ ಸ್ಕೀ ಮಾಡಬೇಕೆಂದರೆ ಗಂಟೆಗೆ 45 ಕಿಲೋಮೀಟರಿನ ಆಸುಪಾಸು ಬೇಕು, ಆಗ ದೋಣಿಯ ತಳದ ಆಕಾರ ಮುಖ್ಯವಾಗುತ್ತದೆ. ಮೆಲ್ಲನೆ ಹೋಗುವ ದೋಣಿ ನೀರನ್ನು ಬಗೆದುಕೊಂಡು ಸಾಗುತ್ತದೆ. ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಅದು ಸಿಕ್ಕಿಕೊಳ್ಳುವುದರಿಂದ ವೇಗಕ್ಕೆ ಮಿತಿ ಬೀಳುತ್ತದೆ, ನಾಲ್ಕು ಮೀಟರ್ ಉದ್ದದ ದೋಣಿಗೆ ಗಂಟೆಗೆ ಸುಮಾರು 9 ಕಿಲೋಮೀಟರ್. ಎಂಜಿನ್ ಬಲವಾಗಿದ್ದರೆ ದೋಣಿ ಆ ಅಲೆಯನ್ನು ಹತ್ತಿ, ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಹತ್ತುವ ಆ ಕೆಲವು ಕ್ಷಣಗಳು ಅಪಾಯದವು. ಮೂತಿ ಮೇಲೆದ್ದು ಚಾಲಕನಿಗೆ ಎದುರಿನ ನೀರು ಕಾಣುವುದಿಲ್ಲ, ಹಿಂದೆ ಏಳುವ ಅಲೆಯೂ ಆಗಲೇ ದೊಡ್ಡದು. ಜನ ತುಂಬಿದ ಕೆರೆಯಲ್ಲಿ ಈ ಹಂತದಲ್ಲಿ ಹೆಚ್ಚು ಹೊತ್ತು ಇರಬಾರದು. ಒಂದೋ ಬೇಗ ದಾಟಬೇಕು, ಇಲ್ಲವೇ ಕೆಳಗಿನ ವೇಗದಲ್ಲೇ ಹೋಗಬೇಕು. ಮನೆಮಂದಿಯನ್ನೆಲ್ಲ ಹೊತ್ತು ಆ ಅಲೆ ದಾಟಿಸುವಷ್ಟು ಶಕ್ತಿ ಎಂಜಿನ್ನಿಗೆ ಇರಬೇಕು, ಎಚ್‌ಪಿಯ ಪ್ರಶ್ನೆಗೆ ಉತ್ತರ ಇಷ್ಟೇ. ತಳ ಚಪ್ಪಟೆಯಾಗಿದ್ದರೆ ನಿಂತಾಗ ಗಟ್ಟಿ, ಅಲೆ ಬಂದರೆ ಧಡಧಡ ಬಡಿಯುತ್ತದೆ. ಚೂಪಾದ ವಿ ಆಕಾರದ ತಳ ಅಲೆಯನ್ನು ಸೀಳುತ್ತದೆ, ನಿಂತಾಗ ಹೊಯ್ದಾಡುತ್ತದೆ. ಕೆರೆಗೆ ನಡುವಿನದು ಸರಿ.

ಅಲೆಯ ಎತ್ತರ ಇಮ್ಮಡಿಸಿದರೆ ಅದರ ಶಕ್ತಿ ನಾಲ್ಕುಪಟ್ಟು. ಕಲ್ಲು ಕಟ್ಟಿದ ಏರಿಗೆ ಬಡಿದ ಅಲೆ ಸಾಯುವುದಿಲ್ಲ, ತಿರುಗಿ ಬರುತ್ತದೆ. ಇಳಿಜಾರಾದ ಮಣ್ಣಿನ ದಡ ಅದನ್ನು ನುಂಗಿಕೊಳ್ಳುತ್ತದೆ. ಹತ್ತು ದೋಣಿ ಓಡಾಡುವ ಕೆರೆಯಲ್ಲಿ ಏರಿಯ ಹತ್ತಿರ ನೀರು ಎಲ್ಲ ದಿಕ್ಕಿನಿಂದಲೂ ಕುಣಿಯುವುದು ಇದಕ್ಕೇ. ದೋಣಿಯ ಪಕ್ಕದ ಗೋಡೆ ನೀರಿನಿಂದ ಎಷ್ಟು ಮೇಲಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ದೋಣಿಯಲ್ಲಿ ಎರಡು ಅಂಗುಲ ನೀರು ನಿಂತರೆ ಅದು ಸುಮಾರು 300 ಲೀಟರ್. ಐದು ಜನರ ತೂಕ, ಅದೂ ದೋಣಿ ವಾಲಿದ ಕಡೆಗೇ ಓಡುವ ತೂಕ. ಅಲೆ ಹಾರಿ ಬಂದ ನೀರನ್ನು ಕೂಡಲೇ ಹೊರಹಾಕುವ ಪಂಪು ಇಲ್ಲದ ದೋಣಿಯನ್ನು ಕೊಳ್ಳಬೇಡಿ.

ಈಜುವವರಿರುವ ನೀರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಹಿಂದೆ ತಿರುಗುವ ಪ್ರೊಪೆಲ್ಲರ್‌ಗೆ. ಟ್ಯೂಬಿನಿಂದ ಬಿದ್ದ ಮಗುವನ್ನು ಹತ್ತಿಸಿಕೊಳ್ಳುವಾಗ ಎಂಜಿನ್ ಪೂರ್ತಿ ಬಂದ್ ಇರಬೇಕು, ನ್ಯೂಟ್ರಲ್ ಸಾಲದು. ಚಾಲಕನ ಮಣಿಕಟ್ಟಿಗೆ ಕಟ್ಟುವ ಸುರುಳಿ ಹಗ್ಗವೊಂದು ಎಂಜಿನ್ ಜೊತೆಗೇ ಬರುತ್ತದೆ. ಅವನು ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಆಳವಿಲ್ಲದ ಹೊಳೆಗಳಿಗೆಂದು ಬೆಳೆಸಿದ ಜೆಟ್ ಎಂಜಿನ್‌ನಲ್ಲಿ ಹೊರಗೆ ತಿರುಗುವ ಅಲಗೇ ಇಲ್ಲ, ನೀರನ್ನು ಹೀರಿ ಹಿಂದಕ್ಕೆ ಉಗಿಯುತ್ತದೆ. ಬೇಸಿಗೆಯಲ್ಲಿ ನೀರಿಳಿದು ಬೊಡ್ಡೆ ಕಲ್ಲು ಮೇಲೇಳುವ ಹಿನ್ನೀರಿಗೆ ಇದು ಹೊಂದುತ್ತದೆ. ಆದರೆ ಎಳೆದ ನೀರಿನ ಜೊತೆ ಜೊಂಡೂ ಸಿಕ್ಕಿಕೊಳ್ಳುತ್ತದೆ, ಎಂಜಿನ್ ನಿಂತರೆ ತಿರುಗಿಸುವ ಹಿಡಿತವೂ ಹೋಗುತ್ತದೆ.

ಭಾರತದಲ್ಲಿ ಎಂಜಿನ್ ದೋಣಿ ಕೊಳ್ಳುವವರು 2021ರ ಒಳನಾಡು ನೌಕೆಗಳ ಕಾಯ್ದೆಯ ನೋಂದಣಿ, ತಪಾಸಣೆಯ ಬಗ್ಗೆ ವಿಚಾರಿಸಬೇಕು. ಜಲಾಶಯವಾದರೆ ನೀರಾವರಿ ಇಲಾಖೆಯ ಒಪ್ಪಿಗೆ ಮೊದಲು. ಎಷ್ಟು ಜನ ಕೂರಬಹುದೆಂಬುದಕ್ಕೆ ಅಮೆರಿಕದಲ್ಲಿ ಒಂದು ಸರಳ ಲೆಕ್ಕ ಬಳಕೆಯಲ್ಲಿದೆ: ಇಪ್ಪತ್ತಡಿಗಿಂತ ಚಿಕ್ಕ ದೋಣಿಯಲ್ಲಿ ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸುವುದು. ಹದಿನೈದಡಿ ಉದ್ದ, ಆರಡಿ ಅಗಲಕ್ಕೆ ಆರು ಜನ. ಇದು ಶಾಂತ ನೀರಿನ ಲೆಕ್ಕ. ನಮ್ಮ ಬೀದರ್ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಆಲಿಕಲ್ಲು ಒಟ್ಟಿಗೆ ಬರುತ್ತವೆ. ಕಾರಂಜಾದಂಥ ಬಯಲು ನೀರಿನ ಮೇಲೆ ಗಾಳಿ ಎಷ್ಟು ದೂರ ಓಡಿ ಬರುತ್ತದೋ ಅಲೆ ಅಷ್ಟು ಎತ್ತರ. ಅಂಥ ಋತುವಿನಲ್ಲಿ ಆರರ ಜಾಗದಲ್ಲಿ ನಾಲ್ಕೇ ಜನ ಕೂತು, ಮಧ್ಯಾಹ್ನದೊಳಗೆ ದಡ ಸೇರುವುದು ಒಳ್ಳೆಯದು.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೊಣಕಾಲುದ್ದ ನೀರಿನಲ್ಲಿ ದೋಣಿ ನಿಲ್ಲಿಸಿ, ಎಲ್ಲರೂ ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿದುಕೊಂಡು, ಮಕ್ಕಳನ್ನು ನಡುವೆ ಕೂರಿಸಿ, ದೊಡ್ಡವರೆಲ್ಲ ನಿಧಾನವಾಗಿ ಒಂದೇ ಬದಿಗೆ ಸರಿಯಿರಿ. ಅಂಚು ನೀರಿನಿಂದ ಒಂದು ಗೇಣಾದರೂ ಮೇಲೆ ಉಳಿಯಬೇಕು. ಉಳಿಯದಿದ್ದರೆ ಇನ್ನೂ ಅಗಲದ್ದನ್ನು ಹುಡುಕಿ.