ನೋವಿಲ್ಲದ ಗಂಟು, ತಡವಾದ ಬಸ್ಸು
ಇವತ್ತು ಸ್ತನ ಕ್ಯಾನ್ಸರ್ ಬಗ್ಗೆ ಮಾತು.

ಅಮೆರಿಕದ ಹಿಸ್ಪಾನಿಕ್ ಹೆಣ್ಮಕ್ಕಳಿಗೆ ಈ ರೋಗ ಬಿಳಿಯರಿಗಿಂತ ಕಡಿಮೆ. ಆದ್ರ ಪತ್ತೆಯಾಗೋದು ತಡ. ನಮ್ಮಲ್ಲೂ ಹಂಗ: ನಗರದಾಗ ಹೆಚ್ಚು, ಹಳ್ಳಿಯಾಗ ಕಡಿಮೆ, ಆದ್ರ ಹಳ್ಳಿಯವರು ಆಸ್ಪತ್ರೆ ಮುಟ್ಟೋ ಹೊತ್ತಿಗೆ ರೋಗ ಬಲಿತಿರ್ತದ.

ಯಾಕ? ಶುರುವಿನ ಗಂಟು ಬಹಳ ಸಲ ನೋಯೋದೇ ಇಲ್ಲ. ನೋವಿಲ್ಲದ್ದಕ್ಕೆ ವಳಕಮದಿನ್ನಿಯಂಥ ಊರಾಗ ಕೂಲಿ ಬಿಟ್ಟು ಸಿಂಧನೂರು ಬಸ್ ಹತ್ತೋರು ಯಾರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಾಗ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9 ಮಾತ್ರ.

ಗಂಟೆಲ್ಲ ಕ್ಯಾನ್ಸರ್ ಅಲ್ಲ. ಆದ್ರ ತೋರಿಸದೆ ಗೊತ್ತಾಗಂಗಿಲ್ಲ. 30 ದಾಟಿದವರ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದ ಕೆಲಸ, ಕೇಳ್ರಿ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೂ ಕಿದ್ವಾಯಿ ಕೇಂದ್ರ ಅದ.

ಇದನ್ನ ಅವ್ವನಿಗೂ ಕೇಳಿಸ್ರಿ.