ಮರಕ್ಕೆ ಮತವಿಲ್ಲ

ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯ ಹೆಸರಿನಲ್ಲಿ ಒಂದು ವಿಧಾನಸಭಾ ಕ್ಷೇತ್ರವಿತ್ತು. 2004ರ ಚುನಾವಣೆಯೇ ಅದರ ಕೊನೆ. 2008ರ ಮರುವಿಂಗಡಣೆಯಲ್ಲಿ ಗಂಡಸಿ ಕ್ಷೇತ್ರ ಅಳಿದು, ಎಂಟು ಎಂಎಲ್ಎಗಳಿದ್ದ ಹಾಸನ ಜಿಲ್ಲೆಗೆ ಏಳೇ ಮಂದಿ ಉಳಿದರು. ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೇರಿದವು. ರಾಜ್ಯದ ಒಟ್ಟು ಸಂಖ್ಯೆ 224 ಹಾಗೇ ಇದ್ದುದರಿಂದ, ಅಲ್ಲಿ ಕೂಡಿದ್ದು ಇಲ್ಲಿಂದ ಕಳೆದದ್ದೇ.

ಈಗ ಅದೇ ಲೆಕ್ಕ ಕರ್ನಾಟಕವನ್ನು ಕಾಡುತ್ತಿದೆ. 1976ರ 42ನೇ ತಿದ್ದುಪಡಿ ಲೋಕಸಭೆಯಲ್ಲಿ ರಾಜ್ಯಗಳ ಪಾಲನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಎಳೆಯಿತು. ಉತ್ತರ ಪ್ರದೇಶಕ್ಕೆ 80, ನಮಗೆ 28. ಗಂಟು ಬಿಚ್ಚಿದರೆ ಜನಸಂಖ್ಯೆ ಹಿಡಿತದಲ್ಲಿಟ್ಟವರ ಪಾಲೇ ಕುಗ್ಗುತ್ತದೆ ಎಂಬುದು ದಕ್ಷಿಣದ ಅಳಲು.

ಈ ಜಗಳವನ್ನು ಅಮೆರಿಕ 1787ರಲ್ಲೇ ಆಡಿತ್ತು. ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ಸಣ್ಣ ರಾಜ್ಯಗಳು ಸಮಪಾಲಿಗಾಗಿ ಹಟ ಹಿಡಿದವು. ಕೊನೆಗೆ ಒಂದು ಸದನ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ರಾಜ್ಯಕ್ಕೆ ಇಬ್ಬರಂತೆ ಎಂದು ರಾಜಿಯಾಯಿತು. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷ ಮುಟ್ಟದ ವಯೋಮಿಂಗ್‌ಗೂ ಇಂದಿಗೂ ಇಬ್ಬಿಬ್ಬರೇ ಸೆನೆಟರುಗಳು. ನಮ್ಮ ರಾಜ್ಯಸಭೆಯಲ್ಲಿ ಆ ಸಮಬಲವಿಲ್ಲ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12. ಹಾಗೆಂದು ಅಮೆರಿಕದ ರಾಜಿ ಪವಿತ್ರವೇನಲ್ಲ. ಮತವಿಲ್ಲದ ಗುಲಾಮರನ್ನು ಐದರಲ್ಲಿ ಮೂರು ಪಾಲು ಲೆಕ್ಕ ಹಿಡಿದು ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನ ಕೊಟ್ಟದ್ದೂ ಅದೇ ಸಭೆ.

ಹಾಸನಕ್ಕೆ ಹೆಚ್ಚು ಹತ್ತಿರದ ಕಥೆ 1920ರದು. ಆ ವರ್ಷದ ಜನಗಣತಿಯಲ್ಲಿ ಅಮೆರಿಕದ ಪೇಟೆಯವರು ಮೊದಲ ಬಾರಿಗೆ ಹಳ್ಳಿಯವರನ್ನು ಮೀರಿಸಿದರು. ಸ್ಥಾನ ಕಳೆದುಕೊಳ್ಳುವ ಭಯಕ್ಕೆ ಹಳ್ಳಿ ಕಡೆಯ ಸದಸ್ಯರು ಇಡೀ ದಶಕ ಮರುಹಂಚಿಕೆ ಆಗಗೊಡಲಿಲ್ಲ. ಟೆನೆಸ್ಸೀ ರಾಜ್ಯವಂತೂ 1901ರ ನಂತರ ತನ್ನ ಶಾಸನಸಭೆಯ ಕ್ಷೇತ್ರಗಳನ್ನು ತಿದ್ದಲೇ ಇಲ್ಲ. 1962ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕ್ಷೇತ್ರಗಳ ಈ ಅಸಮಾನತೆಯ ತಕರಾರನ್ನು ನ್ಯಾಯಾಲಯ ಕೇಳಬಹುದೆಂದಿತು. 1964ರಲ್ಲಿ ಅಲಬಾಮಾ ರಾಜ್ಯದ ಇಂಥದೇ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್, ಶಾಸಕರು ಜನರ ಪ್ರತಿನಿಧಿಗಳೇ ಹೊರತು ಮರಗಳದ್ದಲ್ಲ, ಎಕರೆಗಳದ್ದಲ್ಲ ಎಂಬ ಅರ್ಥದ ಮಾತಾಡಿದರು.

ತೆಂಗಿನ ಅರಸೀಕೆರೆಗೂ ಕಾಫಿಯ ಬೇಲೂರಿಗೂ ಇದು ಚುಚ್ಚುವ ಮಾತು. 2001ರಿಂದ 2011ರ ನಡುವೆ ಹಾಸನದ ಜನಸಂಖ್ಯೆ ಬೆಳೆದದ್ದು ಶೇ 3ರಷ್ಟು. ಬೆಂಗಳೂರು ನಗರದ್ದು ಶೇ 47. ದೆಹಲಿಯ ಮುಂದೆ ಕರ್ನಾಟಕ ತೋಡಿಕೊಳ್ಳುವ ದುಃಖವನ್ನು ನಾಳೆ ಬೆಂಗಳೂರಿನ ಮುಂದೆ ಹಾಸನ ತೋಡಿಕೊಳ್ಳಬೇಕಾದೀತು.

ಎರಡಕ್ಕೂ ಒಂದೇ ಮದ್ದು ಸಾಲದು. ಒಕ್ಕೂಟದಲ್ಲಿ ರಾಜ್ಯಕ್ಕಿರುವ ಸ್ಥಾನ ರಾಜ್ಯದೊಳಗಿನ ಜಿಲ್ಲೆಗಿಲ್ಲ ಎಂಬುದು ಅದೇ 1964ರ ತೀರ್ಪಿನ ತಿರುಳು. ಅದರಂತೆ ನೋಡಿದರೆ ಕರ್ನಾಟಕ ಸೆನೆಟ್‌ನಂಥ ರಕ್ಷಣೆ ಕೇಳಬಹುದು, ಹಾಸನ ಕೇಳಲಾಗದು. ಹಾಸನದ ಬಲ ಬೇರೆ ಕಡೆ ಇದೆ. ಒಮ್ಮೆ ದೋರಸಮುದ್ರವೆಂಬ ರಾಜಧಾನಿಯಾಗಿದ್ದು ಈಗ ಹೋಬಳಿಯಾಗಿರುವ ಹಳೇಬೀಡಿನ ಕುಡಿಯುವ ನೀರು, ಹಳ್ಳಿ ರಸ್ತೆಗಳ ಮಾತು ಮೊದಲು ಏಳಬೇಕಾದದ್ದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ. 2016ರಲ್ಲಿ ಆಯ್ಕೆಯಾದ ಆ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೋದ ಗಂಡಸಿಗಾಗಿ ಮರುಗುವ ನಾವು, ಈ ಕುರ್ಚಿಗಳು ಖಾಲಿ ಬಿದ್ದಾಗ ಎಷ್ಟು ಸದ್ದು ಮಾಡಿದೆವು?